ಹೊಗೆ ನೋಡುತ್ತಿದ್ದ ದೊಡ್ಡಮ್ಮ

ಎದುರು ಮನೆ ದೊಡ್ಡಮ್ಮನಿಗೆ ಎಡಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಮಿಕ್ಕರ್ಧ ಸುಟ್ಟ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಹಸಿ ಸೌದೆ ಹೊತ್ತಿಕೊಳ್ಳಲಿಲ್ಲವೆಂದು ಒಲೆಗೆ ಸೀಮೆಎಣ್ಣೆ ಸುರಿದಿದ್ದರಂತೆ. ಕೇಳಿದರೆ ನಗುತ್ತಿದ್ದರು: "ಹುಬ್ಬು ತಗೊಂಡು ಕಣ್ಣು ಬುಡ್ತು ಕಣಮ್ಮ."

ಗೌಡಗೆರೆ ಕಡೆಯ ನಮ್ಮೂರಿನಲ್ಲಿ ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಸೌದೆ ಒಲೆಯೇ. ಬಚ್ಚಲಲ್ಲಿ ಹಂಡೆ, ಅದರಡಿ ಒಲೆ, ಹೊಗೆ ಹೋಗಲು ಮಾಳಿಗೆ ದಾಟಿ ನಿಂತ ಸಿಮೆಂಟ್ ಕೊಳವೆ. ಉರಿಗೆ ಸೀಮೆಜಾಲಿ, ಕಡಲೆಕಾಯಿ ಸಿಪ್ಪೆ. ಸಿಪ್ಪೆ ಉರಿಸಿದಷ್ಟೂ ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಅಮಾವಾಸ್ಯೆ ಬಂತೆಂದರೆ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ಬಿದಿರು ಗಳದ ತುದಿಗೆ ಗೋಣಿಯ ಉಂಡೆ ಬಿಗಿದುಕೊಂಡು ಮಾಳಿಗೆ ಹತ್ತುತ್ತಿದ್ದರು. ತಮ್ಮ ಮನೆಯದು ಮುಗಿದ ಮೇಲೆ ಕರೆದವರ ಮನೆಯದು, ಆಮೇಲೆ ಕರೆಯದವರದ್ದೂ. ಕೆಳಗಿಳಿದು ಒಲೆಯ ಬಾಯಲ್ಲಿ ಒಂದು ಒಣ ತೆಂಗಿನಗರಿ ಹಚ್ಚಿ ಹಿಡಿಯುವರು. ಉರಿ ಕೊಳವೆಯ ಕಡೆ ವಾಲಿದರೆ ಸರಿ, ಈಚೆಗೆ ಬಂದರೆ ಮತ್ತೆ ಏಣಿ ಹತ್ತುವರು. ಬಿಸಿ ಬೂದಿಯನ್ನು ಹುಲ್ಲಿನ ಮೆದೆಯ ಹತ್ತಿರ ಚೆಲ್ಲುವವರನ್ನೂ ಹಾಲಿನ ಕವರನ್ನು ಒಲೆಗೆ ಎಸೆಯುವವರನ್ನೂ ಕಂಡರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. "ಅದು ಒಲೆ ಕಣೇ, ತಿಪ್ಪೆ ಅಲ್ಲ!"

ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತರೆ ಅವರ ಕಣ್ಣು ಒಂದೊಂದೇ ಮನೆಯ ಕೊಳವೆಯ ಮೇಲೆ ಹೋಗುತ್ತಿತ್ತು. ಹೊಗೆಯ ಬಣ್ಣ ನೋಡಿಯೇ "ಇವ್ರು ಹಸಿ ಸೌದೆ ಇಕ್ಕವ್ರೆ" ಎಂದು ಗೊಣಗುವರು.

ನಮ್ಮಮ್ಮನಿಗೆ ಇದೆಲ್ಲ ಅಷ್ಟಕ್ಕಷ್ಟೆ. ಒಂದು ಅಮಾವಾಸ್ಯೆ ದೊಡ್ಡಮ್ಮ ಕೆದಕಿದ ಮಸಿ, ಮಾಳಿಗೆಯ ಮೇಲೆ ಅಮ್ಮ ಒಣಗಲಿಟ್ಟಿದ್ದ ಸಂಡಿಗೆಯ ಮೇಲೆಲ್ಲ ಬಿತ್ತು. "ನಮ್ ಕೊಳವೆ ನಾವ್ ನೋಡ್ಕಂತೀವಿ. ಇನ್ಮ್ಯಾಲೆ ನೀನು ಹತ್ಬ್ಯಾಡ ಕಣಕ್ಕ" ಎಂದುಬಿಟ್ಟಳು ಅಮ್ಮ. ಅಲ್ಲಿಗೆ ಮಾತು ನಿಂತಿತು. ದೊಡ್ಡಮ್ಮ ಮತ್ತೆ ನಮ್ಮ ಮಾಳಿಗೆ ಹತ್ತಲಿಲ್ಲ, ಅಮ್ಮನೂ ಕೊಳವೆ ನೋಡಲಿಲ್ಲ.

ಆ ಚಳಿಗಾಲದಲ್ಲೇ ನಾನು ಹೆರಿಗೆಗೆಂದು ತವರಿಗೆ ಬಂದದ್ದು. ಬಾಣಂತಿಗೆ ಗಾಳಿ ಸೋಕಬಾರದೆಂದು ಅಮ್ಮ ಬಚ್ಚಲ ಕಿಟಕಿಗೆ ಹಳೆ ಬಟ್ಟೆ ತುರುಕಿದ್ದಳು. ಹೆರಿಗೆಯಾಗಿ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೀರು ಕಾಯುವಾಗಲೇ ಹೊಗೆ ಸುತ್ತಿಕೊಂಡಿತ್ತು. ಸೌದೆ ತೇವವಿರಬೇಕು ಅಂದುಕೊಂಡೆವು. ಸ್ನಾನ ಮಾಡಿಸಿ, ಮಗುವನ್ನು ನನ್ನ ಮಡಿಲಿಗೆ ಹಾಕಿ, "ಕೆಂಡದ ಕಾವಿಗೆ ವಸಿ ಹೊತ್ತು ಕುಂತ್ಕೊ" ಎಂದು ಬಾಗಿಲು ಮುಂದಕ್ಕೆಳೆದು ಅಮ್ಮ ಡೇರಿಗೆ ಹಾಲು ಹಾಕಲು ಹೋದಳು.

ತಲೆ ಭಾರವಾಯಿತು. ಬಾಣಂತಿಯ ಸುಸ್ತು ಎಂದುಕೊಂಡೆ. ಹಿತವಾದ ನಿದ್ದೆ ಬಂದಂತೆ ಇತ್ತು. ಏಳೋಣ ಎಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಮಗು ಅಳುತ್ತಿಲ್ಲವಲ್ಲ ಎಂದು ಅನ್ನಿಸಿದ್ದು ನೆನಪಿದೆ. ಆದರೆ ಅದಕ್ಕೆ ಹೆದರಬೇಕೆಂದೂ ತೋಚಲಿಲ್ಲ.

ಬಾಗಿಲು ದಡಾರನೆ ತೆರೆಯಿತು. "ಲೇ ಹುಡ್ಗಿ, ಮಗು ಕೊಡು ಇಲ್ಲಿ!" ದೊಡ್ಡಮ್ಮ ಮಗುವನ್ನು ಕಿತ್ತುಕೊಂಡು ಓಡಿದರು. ಮತ್ತೆ ಬಂದು, ಬಾಯಿಗೆ ಸೆರಗು ಕಚ್ಚಿಕೊಂಡು, ಕಂಕುಳಿಗೆ ಕೈಹಾಕಿ ನನ್ನನ್ನು ಜಗಲಿಯವರೆಗೆ ಎಳೆದು ತಂದರು. ಮಗುವಿನ ಅಂಗಾಲನ್ನು ಬೆರಳಿನಿಂದ ತಟ್ಟಿದರು, ಇನ್ನೊಮ್ಮೆ ತಟ್ಟಿದರು. ಅದು ಕಿರ್ರೆಂದು ಅತ್ತ ಮೇಲೆ ತಾವೂ ನೆಲದ ಮೇಲೆ ಕುಸಿದು ಅತ್ತರು.

ಅಷ್ಟರಲ್ಲಿ ಅಮ್ಮ ಬಂದಳು. "ಅಯ್ಯೋ, ಬಾಣಂತೀನ ಗಾಳೀಲಿ ಹಾಕ್ಕೊಂಡಿದ್ದೀಯಲ್ಲ, ಶೀತ ಆಗಲ್ವೇನಕ್ಕ?"

"ಶೀತ ಆದ್ರೆ ಕಷಾಯ ಕುಡ್ಸು. ಒಳ್ಗೇ ಬುಟ್ಟಿದ್ರೆ ಏನ್ ಕುಡಿಸ್ತಿದ್ದೆ?"

ಆಟೋದಲ್ಲಿ ಶಿರಾ ಆಸ್ಪತ್ರೆಗೆ ಹೋದೆವು. ನನಗೂ ಮಗುವಿಗೂ ಆಕ್ಸಿಜನ್ ಕೊಟ್ಟರು. "ಇನ್ನೂ ಸ್ವಲ್ಪ ಹೊತ್ತಾಗಿದ್ದರೆ..." ಎಂದರು ಡಾಕ್ಟರು.

ನಾವು ಮನೆಗೆ ಬರುವ ಹೊತ್ತಿಗೆ ದೊಡ್ಡಮ್ಮ ಕೊಳವೆಯೊಳಗೆ ಗಳ ಹಾಕಿ ಅಳಿಲಿನ ಗೂಡೊಂದನ್ನು ತೆಗೆದಿದ್ದರು. ಒಂದು ಮೊರದ ತುಂಬ ನಾರು, ಹುಲ್ಲು, ಮಸಿ. "ಮರಿ ಇರ್ಲಿಲ್ಲ, ಸದ್ಯ" ಎಂದರು. ನನ್ನ ತಮ್ಮನಿಂದ ಬಚ್ಚಲ ಗೋಡೆ ಒಡೆಸಿ, ಮುಚ್ಚಲಾಗದಂಥ ಗಾಳಿಕಿಂಡಿ ಇಡಿಸಿದರು. ಕೊಳವೆಯ ಬಾಯಿಗೆ ತಂತಿಬಲೆ ಕಟ್ಟಿಸಿದರು.

ಅವರ ಮನಸ್ಸಿನಲ್ಲಿ ಮಾತ್ರ ಒಂದು ಕೊರಗು ಉಳಿಯಿತು. "ನಿಮ್ ಕೊಳವೇಲಿ ಹೊಗೆ ಇಲ್ಲ, ಬಾಗ್ಲು ಸಂದೀಲಿ ಬತ್ತೈತೆ ಅಂತ ಕಂಡಿದ್ದೆ. ಜಗಳ ಆಗೈತಲ್ಲ, ಹೋಗ್ಲೋ ಬ್ಯಾಡ್ವೋ ಅಂತ ಕಾಫಿ ಮುಗಿಯೋಗಂಟ ಕುಂತ್ಬುಟ್ಟೆ ಕಣಮ್ಮ" ಎಂದು ಎಷ್ಟೋ ಸಲ ಹೇಳಿದ್ದಾರೆ. "ಆದ್ರೂ ಬಂದ್ರಲ್ಲ ದೊಡ್ಡಮ್ಮ" ಎಂದು ನಾನಂದರೆ ತಲೆ ಅಲ್ಲಾಡಿಸುವರು. ಮುಂದಿನ ಅಮಾವಾಸ್ಯೆಗೆ ಅವರು ನಮ್ಮ ಮಾಳಿಗೆ ಹತ್ತುವಾಗ ಏಣಿ ಹಿಡಿದು ನಿಂತವಳು ಅಮ್ಮ.

ಹೋದ ವರ್ಷ ದೊಡ್ಡಮ್ಮ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿದ ಗುಂಡಿಗೆ ಹಾಲುತುಪ್ಪ ಬಿಡುವ ದಿನ ನಾನು ಮಗಳನ್ನು, ಅಂದಿನ ಆ ಮಗುವನ್ನು, ಕರೆದುಕೊಂಡು ಮಧುಗಿರಿಯಿಂದ ಹೋದೆ. ಹೊಲದಲ್ಲಿ ಗುಂಡಿಯ ಸುತ್ತ ನೆಂಟರೆಲ್ಲ ನಿಂತಿದ್ದರು. ನಾವು ನೆಂಟರಲ್ಲ, ಹಿಂದೆ ನಿಂತೆವು. ಪಾವಗಡದ ಕಡೆಯಿಂದ ಬಂದಿದ್ದ ಮುದುಕಿಯೊಬ್ಬರು ನನ್ನ ಮಗಳ ಗಲ್ಲ ಹಿಡಿದು, "ಈ ಪಾಪ ಯಾರಮ್ಮ, ಏನಾಗ್ಬೇಕು?" ಎಂದು ಕೇಳಿದರು.

ಹಾಲಿನ ಚೊಂಬು ಹಿಡಿದು ಮುಂದೆ ನಿಂತಿದ್ದ ದೊಡ್ಡಮ್ಮನ ಹಿರಿಯ ಮಗ ತಿರುಗಿ ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಬಾ ತಾಯಿ, ಮೊದ್ಲು ನೀನು ಬುಡು" ಎಂದು ಚೊಂಬನ್ನು ನನ್ನ ಮಗಳ ಕೈಗೆ ಕೊಟ್ಟರು.