ಕೇಳದೇ ಉತ್ತ ಹೊಲ

ನಮ್ಮ ಯಜಮಾನರ ಜೊತೆ ಹಿರೀಸಾವೆಯಲ್ಲಿ ಬಸ್ಸಿಳಿದು, ರಾಗಿ ಬೀಜದ ಚೀಲ ಹೊತ್ತು ಹೋಗಿ ನೋಡಿದರೆ ನನ್ನ ಹೊಲ ಆಗಲೇ ಉತ್ತಾಗಿತ್ತು! ಯಾರು ಉತ್ತರು? ನಾವಂತೂ ಯಾರಿಗೂ ಹೇಳಿರಲಿಲ್ಲ. (ಯಾರಿಗೆ ಹೇಳಬೇಕು ಎಂಬ ಚರ್ಚೆಯೇ ಇನ್ನೂ ಮನೆಯಲ್ಲಿ ಮುಗಿದಿರಲಿಲ್ಲ.)

ಅಪ್ಪ ನನ್ನ ಹೆಸರಿಗೆ ಬರೆದ ತುಂಡು ಭೂಮಿ ಅದು. ನಾವಿರುವುದು ಹಾಸನದಲ್ಲಿ. ಪಕ್ಕದ ಹೊಲ ಜಯಮ್ಮನದು. ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ, ಅವಳು ಟ್ರಾಕ್ಟರ್ ಕರೆಸಿದ್ದಾಳೆ. ನನಗೆ ಫೋನ್ ಮಾಡಿದರೆ ನಾನು ಸಿಕ್ಕಿಲ್ಲ. (ಮದುವೆಮನೆಯಲ್ಲಿದ್ದೆ, ಫೋನು ಬ್ಯಾಗಿನೊಳಗಿತ್ತು.) ಅದೇ ಟ್ರಾಕ್ಟರನ್ನು ನನ್ನ ಹೊಲಕ್ಕೂ ಇಳಿಸಿ, ಹಿಂದೆಯೇ ಬಗ್ಗಿ ಗರಿಕೆ ಬೇರನ್ನೆಲ್ಲ ಆಯ್ದು ಬದುವಿನ ಮೇಲೆ ಗುಡ್ಡೆ ಹಾಕಿದ್ದಾಳೆ.

“ಹದ ಆರೋದ್ರೆ ಏನ್ ಮಾಡೀರಿ ಕಣಕ್ಕಾ? ಅದ್ಕೇ ಒಡೆಸ್ಬುಟ್ಟೆ. ಟ್ರಾಕ್ಟರ್ ಬಾಡ್ಗೆ ನಾನೇ ಕೊಟ್ಟಿವ್ನಿ, ನಿಧಾನಕ್ಕೆ ಕೊಡಿ,” ಅಂದಳು.

ನಾನು ಖುಷಿಯಿಂದ ಅವತ್ತೇ ರಾಗಿ ಚೆಲ್ಲಿಸಿದೆ. ಬಾಡಿಗೆ ಕೊಡಲು ಪರ್ಸ್ ತೆಗೆದಾಗ ನಮ್ಮ ಯಜಮಾನರು ಗೊಣಗಿದರು: “ನಾವು ಉಳು ಅಂದಿದ್ವಾ? ಇವತ್ತು ಟ್ರಾಕ್ಟರ್ ಇಳಿಸ್ತಾರೆ, ನಾಳೆ ಪಹಣೀಲಿ ತಮ್ಮ ಹೆಸರು ಸೇರಿಸ್ತಾರೆ.”

ಅವರು ಗೊಣಗಿದರೆ ಆಚೆ ಹೊಲಕ್ಕೂ ಕೇಳಿಸುತ್ತದೆ. ಜಯಮ್ಮನ ಮುಖ ಸಣ್ಣಗಾಯಿತು. ಸೆರಗಿಗೆ ಕೈ ಒರೆಸಿಕೊಂಡು, ದುಡ್ಡನ್ನೂ ಮುಟ್ಟದೆ ಹೊರಟೇಹೋದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆದರೆ ಯಜಮಾನರು ಬಿಡಬೇಕಲ್ಲ? ಹಾಸನಕ್ಕೆ ವಾಪಸ್ ಬಂದವರೇ ಪರಿಚಯದ ವಕೀಲರ ಬಳಿ ನ್ಯಾಯ ಕೇಳಿದರು. ವಕೀಲರು ನಕ್ಕರು.

“ಸಾರ್, ಕರಾರು ಕಾಯ್ದೆಯಲ್ಲಿ ಎಪ್ಪತ್ತನೇ ಸೆಕ್ಷನ್ ಅಂತಿದೆ. ಪುಕ್ಕಟೆ ಅನ್ನೋ ಉದ್ದೇಶವಿಲ್ಲದೆ ಒಬ್ಬರು ನಿಮಗೋಸ್ಕರ ನ್ಯಾಯವಾದ ಕೆಲಸ ಮಾಡಿ, ಅದರ ಲಾಭ ನೀವು ಉಂಡರೆ, ನೀವು ಕೇಳಿರದಿದ್ದರೂ ಕೊಡಬೇಕು. ಬೇಡ ಅಂತ ಬಿಟ್ಟಿದ್ದರೆ ಬೇರೆ ಮಾತು. ನೀವು ರಾಗಿ ಚೆಲ್ಲಿ ಬಂದಿದ್ದೀರಲ್ಲ!”

“ಹಾಗಾದ್ರೆ ಕೇಳದೇ ಕಾಲರ್ ಟ್ಯೂನ್ ಹಾಕಿ ದುಡ್ಡು ಕಟ್ ಮಾಡ್ತಾರಲ್ಲ, ಅವರಿಗೂ ಕೊಡಬೇಕಾ?”

“ಆ ಟ್ಯೂನಿಂದ ನೀವೇನು ರಾಗಿ ಬೆಳೆದ್ರಾ?”

ಕಾನೂನಿಗೂ ಹೊಲದ ಹದ ಗೊತ್ತಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಫೋನ್ ಸಿಗುವವರೆಗೆ ಮಣ್ಣಿನ ತೇವ ಕಾಯುತ್ತದೆಯೇ?

ಮಾರನೆಯ ವಾರ ಇಬ್ಬರೂ ಜಯಮ್ಮನ ಮನೆಗೆ ಹೋದೆವು. ಬಾಡಿಗೆ ಎಷ್ಟೋ ಅಷ್ಟನ್ನು ಮಾತ್ರ ತೆಗೆದುಕೊಂಡಳು. ಬೇರು ಆಯ್ದ ಕೂಲಿ?

“ಅದ್ಕೆ ದುಡ್ಡು ಬ್ಯಾಡ ಕಣಕ್ಕಾ. ನಮ್ಮ ಕಳೆಗೆ ಮುಯ್ಯಾಳು ಬನ್ನಿ, ಸಾಕು.”

ಮುಯ್ಯಾಳು ಅಂದರೆ ನಮ್ಮ ಕಡೆ ಗೊತ್ತಲ್ಲ, ನಿಮ್ಮ ಹೊಲದಲ್ಲಿ ನಾನು ದುಡಿದರೆ ನನ್ನ ಹೊಲದಲ್ಲಿ ನೀವು ದುಡಿಯಬೇಕು. ನನ್ನ ಸೊಂಟ ಈಗಲೇ ಹಿಡಿದುಕೊಂಡಿತು!

ಹೊರಡುವಾಗ ಬಾಗಿಲ ತನಕ ಬಂದಳು. “ನಿಮ್ಮಪ್ಪಾರ ಕಾಲದಿಂದ್ಲೂ ಆ ಬದು ಒಂದು ಗೇಣು ಒತ್ತಿಲ್ಲ ಕಣಕ್ಕಾ ನಾವು. ಪಾಣೀಲಿ ಹೆಸ್ರು ಸೇರಿಸ್ತಾರೆ ಅನ್ನೋ ಮಾತು ಆಡ್ಬಾರ್ದಿತ್ತು ಬಾವ,” ಅಂದಳು. ಕಣ್ಣು ತುಂಬಿತ್ತು. ಯಜಮಾನರು ಚಪ್ಪಲಿ ಹುಡುಕುತ್ತ ಬಗ್ಗಿದವರು ಮೇಲೇಳಲೇ ಇಲ್ಲ.

ಭಾನುವಾರ ಇಬ್ಬರೂ ಕಳೆ ಕೀಳಲು ಹೋಗುತ್ತಿದ್ದೇವೆ. (ಅವರು ಹೊಸ ಟೋಪಿ ತಂದಿದ್ದಾರೆ.) ಬಾಡಿಗೆ ತೀರಿತು, ಕೂಲಿ ಮುಯ್ಯಾಳಿನಲ್ಲಿ ತೀರುತ್ತದೆ. ಅವಳು ಕೇಳದೇ ನಾವು ಕೊಟ್ಟುಬಂದ ಆ ಒಂದು ಪಹಣಿಯ ಮಾತಿದೆಯಲ್ಲ, ಅದನ್ನು ಯಾವ ಸೆಕ್ಷನ್ನಿನಲ್ಲಿ ವಾಪಸ್ ಪಡೆಯುವುದು?