ಕನಸಿನಲ್ಲಿ ಸೇದಿದ ಸಿಗರೇಟು

ಇದು ಹೋದ ವರ್ಷದ ಚಳಿಗಾಲದಲ್ಲಿ ನಡೆದದ್ದು. ಕುಷ್ಟಗಿ ಸುತ್ತಿನ ಊರುಗಳಲ್ಲಿ ಬೋರ್‌ವೆಲ್ ನೀರು ಪರೀಕ್ಷಿಸುವ ಕೆಲಸ ನನ್ನದು. ಸಿಗರೇಟು ಬಿಡಲು ಗುಳಿಗೆ ನುಂಗುತ್ತಿದ್ದೆ. ನಿದ್ದೆ ಕೆಡಬಹುದು, ನಿಜದಂಥ ಕನಸುಗಳು ಬೀಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ನಿದ್ದೆ ಬಂದಷ್ಟು ಹೊತ್ತೂ ಕನಸಿನಲ್ಲಿ ಸೇದುತ್ತಿದ್ದೆ; ಎದ್ದಾಗ ಬಾಯಲ್ಲಿ ಹೊಗೆಯ ರುಚಿ ಇರುತ್ತಿತ್ತು. ಅವನ್ನೆಲ್ಲ ಡೈರಿಯಲ್ಲಿ ‘ಕನಸು’ ಎಂದು ಬರೆದಿಡುತ್ತಿದ್ದೆ.

ಒಂದು ಬೆಳಿಗ್ಗೆ ಆ ರುಚಿ ಹೋಗಲೇ ಇಲ್ಲ. ಸಂಶಯ ಬಂದು ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವರನ್ನೇ ಕೇಳಿದೆ: “ಅಣ್ಣಾರ, ನಿನ್ನಿ ನಾ ಸಿಗರೇಟ್ ಒಯ್ದಿದ್ನೇನ್ರಿ?”

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಕ್ಕುಬಿಟ್ಟರು. “ನಾ ಏನ್ ನಿಮ್ಮ ಹೇಣ್ತಿ ಏನ್ರಿ ಸರ, ನಿಮ್ಮ ಲೆಕ್ಕ ಇಡಾಕ? ನಿನ್ನಿ ಅಂಗಡೀನ ತಗದಿಲ್ಲ.”

ಎದೆ ಹಗುರಾಯಿತು. ಹೊರಟೆ.

“ಮೊನ್ನಿ ಒಯ್ದೀರಿ ನೋಡ್ರಿ,” ಎಂದರು ಹಿಂದಿನಿಂದ. “ಇಲ್ಲೇ ನಿಂತ ಸೇದಿದ್ರಿ. ಭಾಳ ನಿದ್ದಿಗಣ್ಣಾಗ ಇದ್ರಿ, ಮಾತಾಡ್ಸಿದ್ರ ಹೂಂ ಅನ್ಲಿಲ್ಲ.”

ಡೈರಿ ತೆಗೆದೆ. ಮೊನ್ನೆಯ ಸಾಲಿನಲ್ಲಿ ‘ಕನಸು’ ಎಂದಿತ್ತು. ಅದನ್ನು ಹೊಡೆದುಹಾಕಿ, ಸೇದದೆ ಕಳೆದ ದಿನಗಳನ್ನು ಮತ್ತೆ ಎಣಿಸಿದೆ. ಒಂದು.