ಆರುವ ಬೆಳಕಿನ ಮೂರನೆಯ ರಾತ್ರಿ

ಹುಣಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿಕೊಂಡಿದ್ದ ನನಗೆ ಆಕಾಶದ ಹುಚ್ಚು. ದೂರದರ್ಶಕ ಕೊಂಡಾಗ, "ಒಡವೆ ಮಾಡ್ಸೋದ್ ಬುಟ್ಟು ಕೊಳವೆ ತಂದವ್ಳೆ" ಎಂದು ನೆಂಟರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಪಟ್ಟಣದ ಬೀದಿದೀಪಗಳ ಕಾಟ ತಾಳಲಾರದೆ ಅದನ್ನು ಎಚ್.ಡಿ. ಕೋಟೆ ಕಡೆ, ಕಾಡಂಚಿನಲ್ಲಿದ್ದ ಚಿಕ್ಕಪ್ಪನ ಮನೆಯ ತಾರಸಿಯ ಮೇಲೆ ಇಟ್ಟಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ರಾಗಿ ಕೊಯ್ಲಿಗೆ ಬಂದಿತ್ತು. ವೀಕ್ಷಣಾಲಯದಲ್ಲಿದ್ದ ಗೆಳತಿ ಫೋನ್ ಮಾಡಿ, "ಇಲ್ಲಿ ಬರೀ ಮೋಡ ಕಣೇ, ನೀನಾದ್ರೂ ಹಿಡಿ" ಎಂದಳು. ಊಹೆಗೆ ನಿಲುಕದ ದೂರದಲ್ಲಿ ನಕ್ಷತ್ರವೊಂದು ಸತ್ತು ಗಾಮಾ ಕಿರಣಗಳ ಸ್ಫೋಟವಾಗಿತ್ತು. ಕಿರಣಗಳು ಬೇಗ ಮುಗಿದರೂ ಹಿಂದೆ ಒಂದು ಮಂದ ಬೆಳಕು ಉಳಿದು, ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆದು, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅದು ಎಷ್ಟು ಬೇಗ ಕುಂದುತ್ತಿದೆ ಎಂದು ಪ್ರತಿ ರಾತ್ರಿ ಅಳೆಯಬೇಕು. ಎರಡು ರಾತ್ರಿ ಒಂದೇ ಹದದಲ್ಲಿ ಇಳಿಯಿತು. ಮೂರನೆಯ ರಾತ್ರಿ ದಿಢೀರನೆ ಕುಸಿದರೆ, ಸ್ಫೋಟ ಎಲ್ಲ ದಿಕ್ಕಿಗೂ ಚೆಲ್ಲದೆ ಒಂದೇ ಕಡೆ ಚಿಮ್ಮಿತ್ತೆಂದು ಅರ್ಥ. ಆಮೇಲೆ ಅದು ನನ್ನ ಕೊಳವೆಗೆ ಸಿಗುತ್ತಿರಲಿಲ್ಲ.

ತೊಂದರೆಯೆಲ್ಲ ಕಾವಲಿನವರ ಕೈಬ್ಯಾಟರಿಗಳದು. ರಾಗಿ ಕಾಲದಲ್ಲಿ ಆನೆಗಳು ಇಳಿಯುತ್ತವೆ. ಹೊಲಹೊಲದ ಅಟ್ಟಣೆಯ ಮೇಲೆ ಒಬ್ಬೊಬ್ಬರು ಕಾವಲು ಕೂತು ಆಗಾಗ ಬ್ಯಾಟರಿ ಬೀಸುತ್ತಾರೆ, ಚಿಕ್ಕಪ್ಪನೂ ಅಷ್ಟೆ. ಪಕ್ಕದ ಹೊಲದವನು ತನ್ನದನ್ನೂ ಬೀಸಿ ಉತ್ತರ ಕೊಡಬೇಕು. ಉತ್ತರ ಬರಲಿಲ್ಲವೋ, ಎಲ್ಲರೂ ಪಂಜು ಹಿಡಿದು ಅಲ್ಲಿಗೆ ಓಡಬೇಕು. ಆ ಬೆಳಕು ನನ್ನ ತಾರಸಿಗೂ ಬಂದು ಹೊಡೆಯುತ್ತಿತ್ತು. ಎರಡನೆಯ ರಾತ್ರಿ ಒಂದಷ್ಟು ಚಿತ್ರ ಕೆಟ್ಟು, ಮಾರನೇ ದಿನ ಊಟದ ಹೊತ್ತಿಗೆ ರೇಗಾಡಿದೆ.

ಚಿಕ್ಕಪ್ಪ ಮುದ್ದೆ ಮುರಿಯುತ್ತ, "ಎಲ್ಲೋ ಒಂದ್ ಚುಕ್ಕಿ ಸತ್ರೆ ನಿಂಗ್ಯಾಕವ್ವ ಸೂತಕ?" ಎಂದು ನಕ್ಕರು.

"ಇವತ್ತು ತಪ್ಪಿದ್ರೆ ಆ ಬೆಳಕು ಇನ್ನು ಬರಲ್ಲ ಚಿಕ್ಕಪ್ಪ!" ಎಂದು ಸಿಡುಕಿದೆ. ಅವರು ಕೈ ತೊಳೆದು ಹೊಲದ ಕಡೆ ಹೊರಟರು.

ಅಂದು ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಬ್ಯಾಟರಿಯೂ ಬೀಸಲಿಲ್ಲ. ಅಬ್ಬಾ, ಎಂಥ ಕತ್ತಲೆ! ಚಿತ್ರಗಳು ಚೊಕ್ಕಟವಾಗಿ ಬರತೊಡಗಿದವು. ಖುಷಿಯಲ್ಲಿ ಮೈಮರೆತಿದ್ದವಳಿಗೆ ಇದ್ದಕ್ಕಿದ್ದಂತೆ ಅನುಮಾನ ಬಂತು. ಇಷ್ಟು ಹೊತ್ತಾದರೂ ಯಾಕೆ ಯಾರೂ ಬೀಸಿಲ್ಲ?

ಕೆಳಗಿಳಿದು ಚಿಕ್ಕಮ್ಮನನ್ನು ಎಬ್ಬಿಸಿ ಕೇಳಿದೆ. "ನಿಮ್ ಚಿಕ್ಕಪ್ಪನೇ ಅಟ್ಟಣೆ ಅಟ್ಟಣೆಗೂ ಓಗಿ ಹೇಳವ್ರೆ ಕಣವ್ವ, ನಮ್ ಮಗೀನ ಕೆಲ್ಸ ಮುಗಿಯೋಗಂಟ ಯಾರೂ ಬ್ಯಾಟ್ರಿ ಬುಡಬ್ಯಾಡಿ ಅಂತ" ಎಂದರು.

ಅಯ್ಯೋ ದೇವರೇ! ತಾರಸಿಗೆ ಓಡಿ, "ಬ್ಯಾಟ್ರಿ ಬುಡ್ರಪ್ಪೋ! ಬುಡ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ತೆಗೆದ ಚಿತ್ರಗಳು ಅಳತೆಗೆ ಇನ್ನೂ ಸಾಲುತ್ತಿರಲಿಲ್ಲ. ಹಾಳಾಗಿ ಹೋಗಲಿ. ಒಂದೊಂದೇ ಅಟ್ಟಣೆಯಿಂದ ಬೆಳಕು ಬಂತು. ಚಿಕ್ಕಪ್ಪನ ಅಟ್ಟಣೆಯಿಂದ ಬರಲಿಲ್ಲ.

ಪಂಜು, ತಮಟೆ, ಪಟಾಕಿ ಹಿಡಿದು ಜನ ಓಡಿದರು. ನಾನೂ ಓಡಿದೆ. ಒಂಟಿ ಸಲಗವೊಂದು ಅಟ್ಟಣೆಯ ಕಂಬಕ್ಕೆ ಮೈ ಉಜ್ಜುತ್ತ ನಿಂತಿತ್ತು. ಗದ್ದಲಕ್ಕೆ ನಿಧಾನವಾಗಿ ಕಾಡಿನ ಕಡೆ ಸರಿಯಿತು. ಮೇಲೆ ಚಿಕ್ಕಪ್ಪ ಬ್ಯಾಟರಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ನನ್ನ ಕೂಗು ಅಷ್ಟು ದೂರಕ್ಕೆ ಮುಟ್ಟಿರಲಿಲ್ಲ. ಬೇರೆಯವರ ಬೆಳಕು ಕಂಡಾಗ, ಕೊಟ್ಟ ಮಾತಿಗೆ ತಪ್ಪಿದರಲ್ಲ ಎಂದುಕೊಂಡರಂತೆ. ಇಳಿಸಿದಾಗ ಅವರ ಪಂಚೆ ಒದ್ದೆಯಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ತಲೆ ಕೆಟ್ಟಿದ್ಯಾ ನಿಮಗೆ? ಆನೆ ಕಾಲಡಿಗೇ ಬಂದು ನಿಂತಿದೆ, ಬ್ಯಾಟ್ರಿ ಹಾಕೋಕೆ ಏನು ದಾಡಿ?" ಎಂದು ಎಲ್ಲರ ಮುಂದೆಯೇ ಬೈದೆ. ಬೈಯುತ್ತಲೇ ಅಳು ಬಂತು.

ಅವರು ಬ್ಯಾಟರಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಆನೆ ನಾಳೀಕೂ ಬತ್ತದೆ ಕಣವ್ವ. ನಿನ್ ಬೆಳಕು ಬರಾಕಿಲ್ಲ ಅಂದಿದ್ದಲ್ಲ... ಸಿಕ್ತಾ?"

ಸಿಗಲಿಲ್ಲ ಎನ್ನದೆ, ಅವರ ಕೈಯಿಂದ ಬ್ಯಾಟರಿ ತೆಗೆದುಕೊಂಡು ಮನೆಯ ದಾರಿಗೆ ಬೆಳಕು ಬಿಟ್ಟೆ.